ಯಾರೂ ಬರೆಯದ ‘ಬಂದಿದೆ’

ಕಳೆದ ಆಗಸ್ಟಿನಲ್ಲಿ ಅಕ್ಕನ ಮಗಳ ಸೀಮಂತಕ್ಕೆಂದು ಕಾರವಾರದ ಪಕ್ಕದ ಶಿರವಾಡಕ್ಕೆ ಹೋಗಿದ್ದೆ. ಮರುದಿನ ಮನೆಯಲ್ಲಿ ಕೂತು ಕೂತು ಬೇಸರವಾಗಿ ಕಾರವಾರದ ಬಂದರಿನ ಕಡೆ ಹೊರಟೆ. ಮಳೆ ಆಗಷ್ಟೇ ಹೊಳವು ಕೊಟ್ಟಿತ್ತು. ಒದ್ದೆ ಬಲೆ, ಡೀಸೆಲ್, ಮೆಟ್ಟಿಲ ಮೇಲೆ ಬಿದ್ದ ಬಂಗುಡೆಯ ತಲೆಗಳು, ಇವೆಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ಅಲ್ಲೇ ನಿಂತಿತು. ಬೇರೆಯವರಿಗೆ ಈ ವಾಸನೆಗೆ ಮೀನಿನ ಸಾರು ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಕಂಪ್ಯೂಟರ್ ಪರದೆ. ಹೇಳಿದರೆ ಜನ ನಗುತ್ತಾರೆ, ಹಾಗಾಗಿ ಹೇಳುವುದಿಲ್ಲ.

ಈಗಿನ ನನ್ನ ಆಫೀಸಿನಲ್ಲಿ ಗೋಡೆಗೆ ಒಂದು ದೊಡ್ಡ ಪರದೆ ಹಾಕಿದ್ದಾರೆ. ಯಾವ ಕೆಲಸ ಎಲ್ಲಿಗೆ ಬಂತು ಎಂದು ತೋರಿಸುತ್ತದೆ. ಎಲ್ಲವೂ ಹಸಿರಾಗಿದ್ದ ದಿನ ಹುಡುಗರಿಗೆ ಖುಷಿ. ನಾನು ಮಾತ್ರ ಎದ್ದು ಅದರ ಮುಂದೆ ಹೋಗಿ ನಿಲ್ಲುತ್ತೇನೆ. “ಅದು ಒಳಗೆ ಹೋಗಿ ಕೇಳಿ ಹೇಳ್ತಾ ಇದೆಯಾ, ಸುಮ್ನೆ ಹೇಳ್ತಾ ಇದೆಯಾ, ನೋಡ್ರಪ್ಪ” ಅನ್ನುತ್ತೇನೆ. “ಮೇಡಂಗೆ ಅನುಮಾನದ ಕಾಯಿಲೆ” ಎಂದು ಅವರು ಹಿಂದಿನಿಂದ ಆಡಿಕೊಳ್ಳುವುದು ನನಗೆ ಗೊತ್ತು. ಆಡಿಕೊಳ್ಳಲಿ. ಆ ಕಾಯಿಲೆ ನನಗೆ ಅಂಟಿದ್ದು ಇದೇ ಬಂದರಿನ ಎದುರಿನ ಒಂದು ಮಾಳಿಗೆಯಲ್ಲಿ.

ಎರಡು ಸಾವಿರದ ಐದೋ ಆರೋ ಇರಬೇಕು. ಆ ಮಾಳಿಗೆಯಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. ಕೆಲವು ಹಳೆಯ ಯಂತ್ರಗಳು, ಕರೆಂಟು ಹೋದ ಕೂಡಲೇ ಕೀಚು ಕೀಚು ಎನ್ನುವ ಒಂದು ಯುಪಿಎಸ್, ಉಪ್ಪುಗಾಳಿಗೆ ತುಕ್ಕು ಹಿಡಿದು ತಿರುಗಲೊಲ್ಲದ ಒಂದು ಫ್ಯಾನು. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಆಗಷ್ಟೇ ಕಾಲೇಜು ಬಿಟ್ಟು ಬಂದವಳನ್ನು ಬಂದರಿನ ಮುದುಕರೂ “ಅಕ್ಕೋರೆ” ಎಂದು ಕರೆಯುವಾಗ ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಪಾಠದ ಜೊತೆಗೆ ನನಗೆ ಇನ್ನೊಂದು ಕೆಲಸ ಗಂಟುಬಿದ್ದಿತ್ತು. ಅದು ಕೇಣಿಯ ದೋಣಿಗಳ ಪುಟ. ಅಂಕೋಲೆಯ ಪಕ್ಕದ ಕೇಣಿಯಿಂದ ಮೋಟಾರು ಕಟ್ಟಿದ ಸಣ್ಣ ದೋಣಿಗಳು ನಸುಕಿನಲ್ಲಿ ಹೊರಟು ಸಂಜೆಯೊಳಗೆ ಮರಳುತ್ತವೆ. ಗಾಳಿ ಎದ್ದ ದಿನ ಮಾತ್ರ ಕೇಣಿಯ ಅಳಿವೆ, ಎಂದರೆ ಹಳ್ಳ ಸಮುದ್ರ ಸೇರುವ ಬಾಯಿ, ಅವುಗಳನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಆಗ ಅವು ಕಾರವಾರದ ಬಂದರಿಗೆ ಓಡಿಬರುತ್ತವೆ. ಇಲ್ಲಿ ಬಂದು ಸೇರಿದ್ದು ಅಲ್ಲಿ ಕಾಯುವವರಿಗೆ ತಿಳಿಯುವುದು ಹೇಗೆ? ಮೊದಲೆಲ್ಲ ಸಂಘದ ಒಂದು ಫೋನಿಗೆ ಇಡೀ ಊರಿನ ಹೆಂಗಸರು ಮುತ್ತಿಕೊಂಡು, ಒಬ್ಬಳು ಮಾತಾಡುವಾಗ ಇನ್ನೊಬ್ಬಳು ಅತ್ತು, ರಂಪವಾಗುತ್ತಿತ್ತಂತೆ. ಅದಕ್ಕೇ ನನಗಿಂತ ಮೊದಲು ಆ ಮಾಳಿಗೆಯಲ್ಲಿ ಕಲಿಸುತ್ತಿದ್ದ ಮಾಸ್ತರರು ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿಕೊಟ್ಟಿದ್ದರು. ದೋಣಿ ಹೊರಟಾಗ ಕೇಣಿಯ ಸಂಘದ ಕಾರ್ಯದರ್ಶಿ ದಾಮೋದರಣ್ಣ ಅದರಲ್ಲೊಂದು ಗುಂಡಿ ಒತ್ತಬೇಕು. ದೋಣಿ ದಡ ಸೇರಿದಾಗ ಇನ್ನೊಂದು ಗುಂಡಿ. ಕೇಣಿಯಲ್ಲಾದರೆ ದಾಮೋದರಣ್ಣ, ಕಾರವಾರದಲ್ಲಾದರೆ ನಾನು. ಸಂಘದ ಜಗಲಿಯ ಪರದೆಯಲ್ಲಿ ಪ್ರತಿ ದೋಣಿಯ ಹೆಸರಿನ ಮುಂದೆ ಅದರ ಸ್ಥಿತಿ ಮೂಡುತ್ತಿತ್ತು, ನಿಮಿಷಕ್ಕೊಮ್ಮೆ ತಾನಾಗಿಯೇ ಹೊಸದಾಗುತ್ತಿತ್ತು.

ಆ ಸ್ಥಿತಿಗೆ ಎಂಥ ಮಾತು ಇರಬೇಕು ಎನ್ನುವುದಕ್ಕೇ ಊರಿನಲ್ಲಿ ಒಂದು ಪಂಚಾಯಿತಿ ನಡೆದಿತ್ತಂತೆ. ದಾಮೋದರಣ್ಣ ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. “ಮಾಸ್ತರ್ರು ಮೊದ್ಲು ‘ಹೋಗಿದೆ’, ‘ಬಂದಿಲ್ಲ’ ಅಂತ ಹಾಕಿದ್ರು ಅಕ್ಕೋರೆ. ನಮ್ಮ ಹಿರೇರು ಅವ್ರನ್ನ ಹೊಡೂದೊಂದು ಬಾಕಿ. ಮನೆಂದ ಹೊರಡುವಾಗ ನಾವು ಹೋಗ್ತೆ ಅಂತೇವಾ? ಬತ್ತೆ ಅಂತೇವೆ. ಸಮುದ್ರಕ್ಕೆ ಹೋದವ್ರ ಹೆಸ್ರಿನ ಮುಂದೆ ‘ಇಲ್ಲ’ ಅಂತ ಬರೂದು ಯಾರಾದ್ರೂ ಮಾಡೂ ಕೆಲ್ಸವಾ?” ಹಾಗಾಗಿ ಪುಟಕ್ಕೆ ಎರಡೇ ಮಾತು ಉಳಿದವು. ಹೊರಗಿದ್ದ ದೋಣಿಗೆ ‘ಬರಲಿದೆ’. ದಡ ಸೇರಿದ್ದಕ್ಕೆ ‘ಬಂದಿದೆ’. ಹೆಸರಿನ ಮುಂದೆ ಖಾಲಿಯಂತೂ ಇರಲೇಕೂಡದು. ಆಗೆಲ್ಲ ಕನ್ನಡ ಅಕ್ಷರ ಪರದೆಯಲ್ಲಿ ಡಬ್ಬಿ ಡಬ್ಬಿಯಾಗಿ ಒಡೆಯುತ್ತಿತ್ತು. ಅದಕ್ಕೆ ಮಾಸ್ತರರು ದೋಣಿಗಳ ಹೆಸರನ್ನೂ ಈ ಎರಡು ಮಾತನ್ನೂ ಚಿತ್ರ ಮಾಡಿ ಪುಟದಲ್ಲೇ ಅಂಟಿಸಿದ್ದರು.

ಪುಟವನ್ನು ಬರೆದದ್ದು ಪಿಎಚ್‌ಪಿ ಎಂಬ ಭಾಷೆಯಲ್ಲಿ. ಯಾವ ದೋಣಿ ಎಲ್ಲಿದೆ ಎಂಬ ಲೆಕ್ಕವೆಲ್ಲ ಡೇಟಾಬೇಸಿನಲ್ಲಿ. ಪುಟ ಎಂದರೆ ಬಾಗಿಲಲ್ಲಿ ಕೂತ ಮನುಷ್ಯ, ಡೇಟಾಬೇಸು ಒಳಗಿನ ಕೋಣೆ. ಹೊರಗಿನವರು ಕೇಳಿದಾಗ ಅವನು ಒಳಗೆ ಹೋಗಿ ವಿಚಾರಿಸಿ ಬಂದು ಹೇಳಬೇಕು. ಎರಡೂ ಇದ್ದದ್ದು ಎಲ್ಲೋ ದೂರದ ಬಾಡಿಗೆ ಸರ್ವರಿನಲ್ಲಿ. ಮಾಸ್ತರರು ಬೇರೆ ಊರಿಗೆ ಹೋಗುವಾಗ ಪುಟವನ್ನು ತಿದ್ದುವ ಪಾಸ್‌ವರ್ಡು ಅವರ ತಲೆಯೊಳಗೇ ಹೋಗಿಬಿಟ್ಟಿತ್ತು. ನನ್ನ ಕೈಯಲ್ಲಿ ಉಳಿದದ್ದು ಒಳಗಿನ ಕೋಣೆಯ ಕೀಲಿ, ಮತ್ತು ನಮ್ಮ ಯಂತ್ರದಲ್ಲಿದ್ದ ಪುಟದ ಒಂದು ಪ್ರತಿ. ತಿದ್ದುವ ಪ್ರಸಂಗವೂ ಬಂದಿರಲಿಲ್ಲವಾದ್ದರಿಂದ ನಾನೂ ತಲೆ ಕೆಡಿಸಿಕೊಂಡಿರಲಿಲ್ಲ.

ಆ ವರ್ಷದ ಮೇ ಕೊನೆಯಲ್ಲಿ ಮಳೆಗಾಲದ ಮುಂಚಿನ ಗಾಳಿಗೆ ಕೇಣಿಯ ‘ದುರ್ಗಾಪ್ರಸಾದ’ ಕಾಣೆಯಾಯಿತು. ಅದರಲ್ಲಿದ್ದದ್ದು ಒಬ್ಬನೇ, ಗಣಪತಿ. ಜೊತೆಗಾರನಿಗೆ ಜ್ವರ. ನಿನ್ನೆ ಬಿಟ್ಟ ಬಲೆಯನ್ನಾದರೂ ಎಳೆದು ತರುತ್ತೇನೆ ಎಂದು ಒಬ್ಬನೇ ಹೋದವನು. ದೋಣಿ ಸಿಗಲಿಲ್ಲ, ಹಲಗೆ ಸಿಗಲಿಲ್ಲ, ಅವನೂ ಸಿಗಲಿಲ್ಲ. ಅಷ್ಟರಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಬಂತು, ದೋಣಿಗಳನ್ನೆಲ್ಲ ಮೇಲೆಳೆದು ತೆಂಗಿನ ಮಡಲು ಹೊದಿಸಿದರು. ಪುಟವನ್ನು ತೆರೆಯುವವರಿರಲಿಲ್ಲ. ಕೊನೆಯ ದಿನ ನಾನು ನೋಡಿದಾಗ ಎಲ್ಲ ಹೆಸರುಗಳ ಮುಂದೆ ‘ಬಂದಿದೆ’, ಒಂದರ ಮುಂದೆ ಮಾತ್ರ ‘ಬರಲಿದೆ’. ಅದನ್ನು ತೆಗೆಯಿರಿ ಎನ್ನುವ ಬಾಯಿ ಊರಿನಲ್ಲಿ ಯಾರಿಗೂ ಇರಲಿಲ್ಲ.

ಆ ಮಳೆಗಾಲವಿಡೀ ಅದು ನನ್ನ ತಲೆಯಲ್ಲಿ ಕೂತಿತ್ತು. ಮಾಳಿಗೆಯಲ್ಲಿ ಒಬ್ಬಳೇ ಇರುವಾಗ, ಕಿಟಕಿಯಾಚೆ ಸಮುದ್ರವೂ ಆಕಾಶವೂ ಒಂದೇ ಬೂದಿಯಾಗಿ ಸುರಿಯುತ್ತಿರುವಾಗ, ಎಲ್ಲೋ ದೂರದ ಯಂತ್ರದೊಳಗೆ ಆ ಸಾಲು ಎಚ್ಚರವಾಗೇ ಇದೆಯಲ್ಲ ಅನ್ನಿಸಿ ಮೈ ಜುಮ್ಮೆನ್ನುತ್ತಿತ್ತು. ಗಣಪತಿಯ ಮುಖವನ್ನೂ ನಾನು ಕಂಡವಳಲ್ಲ. ಆದರೂ ಯಾರೋ ಮೆಟ್ಟಿಲು ಹತ್ತಿದರೆ ಒದ್ದೆ ಕಾಲಿನ ಸಪ್ಪಳಕ್ಕೆ ಬೆಚ್ಚುತ್ತಿದ್ದೆ. ಹೆದರಿಕೆ ಎಂದರೆ ಹೆದರಿಕೆಯೇ, ಸುಳ್ಳು ಯಾಕೆ ಹೇಳಲಿ.

ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ದೋಣಿಗಳನ್ನು ಮತ್ತೆ ನೀರಿಗಿಳಿಸಿ ಇನ್ನೂ ವಾರವಾಗಿರಲಿಲ್ಲ. ಮಧ್ಯಾಹ್ನದ ಮೇಲೆ ಗಾಳಿ ಎದ್ದಿತ್ತು. ಅಂಥ ಹೊತ್ತಿನಲ್ಲಿ ಒಬ್ಬ ಹೆಂಗಸು ಸೀರೆಯಿಂದ ನೀರು ಸೋರಿಸುತ್ತ ಮೆಟ್ಟಿಲು ಹತ್ತಿ ಬಂದಳು. ಮೂವತ್ತರ ಆಚೀಚೆ. ಹಣೆಯ ಕುಂಕುಮ ಮಳೆಗೆ ಇಳಿದು ಮೂಗಿನ ತನಕ ಬಂದಿತ್ತು.

“ಅಕ್ಕೋರು ಅಂದ್ರೆ ನೀವೇಯಾ?”

“ಹೌದು. ಕೂತ್ಕೊಳ್ಳಿ. ಎಲ್ಲಿಂದ?”

“ಕೇಣಿಂದ. ನಾಗವೇಣಿ ಅಂತ. ‘ದುರ್ಗಾಪ್ರಸಾದ’ದವ್ರ ಮನೆಯವ್ಳು.” ಅವಳು ಕೂರಲಿಲ್ಲ. “ಬಂದಿದೆ ಅಂತ ಬರ್ದವ್ರು ಯಾರು ಅಕ್ಕೋರೆ?”

ನನಗೆ ತಲೆಬುಡ ತಿಳಿಯಲಿಲ್ಲ.

“ಸಂಘದ ಜಗ್ಲಿಲಿ ಮೊನ್ನೆಂದ ನೋಡ್ತಾ ಇದ್ದೆ. ನಮ್ಮ ದೋಣಿ ಮುಂದೂ ಬಂದಿದೆ ಅಂತ ಅದೆ. ದಾಮೋದರಣ್ಣನ ಕೇಳ್ದೆ. ನಾ ಒತ್ತಲಿಲ್ಲ ಮಾರಾಯ್ತಿ, ಅಂತ್ರು. ಕೇಣಿಲಿ ಒತ್ತಲಿಲ್ಲ ಅಂದ್ರೆ ಕಾರವಾರದಲ್ಲಿ ಒತ್ತಿರ್ಬೇಕು. ಅಂದ್ರೆ ಇಲ್ಲಿ ಯಾರೋ ಕಂಡಾರೆ. ಬೆಳಗ್ಗಿಂದ ಬಂದರು ಪೂರ್ತಿ ತಿರುಗ್ದೆ. ದೊಡ್ಡಾಸ್ಪತ್ರೆಲೂ ನೋಡ್ಬಂದೆ. ಪೆಟ್ಟಾಗಿ ಬಿದ್ಕೊಂಡಿದ್ರೆ ಹೇಳಿ, ನಾ ಕರ್ಕೊಂಡು ಹೋಗ್ತೆ.”

ಅವಳ ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ಯಾರೂ ಕಾಣದೆ ಯಾರಾದರೂ ಬರೆಯುವುದು ಹೇಗೆ? ನಾನು ಪುಟ ತೆರೆದೆ. ಸೊಂಯ್ ಗುಂಯ್ ಎಂದು ಮೋಡೆಮ್ಮು ಕೂಗಿ, ಹನಿ ಹನಿಯಾಗಿ ಹೆಸರುಗಳು ಇಳಿದವು. ‘ಬಂದಿದೆ, ಬಂದಿದೆ, ಬಂದಿದೆ.’ ‘ದುರ್ಗಾಪ್ರಸಾದ’ದ ಮುಂದೂ ಅದೇ.

“ನಾನಂತೂ ಒತ್ತಲಿಲ್ಲ ನಾಗವೇಣಕ್ಕ” ಎಂದೆ.

ಅವಳು ಪರದೆಯ ಹತ್ತಿರ ಬಗ್ಗಿದಳು. ಹೆಸರುಗಳ ಮೇಲೆ ಕಣ್ಣಾಡಿಸಿದವಳು ತಟ್ಟನೆ, “ಇದೆಂತದು? ಎಲ್ಲಾ ಬಂದದೆ ಅಂತ ಅದೆಯಲ್ಲ! ಬಂಗಡೆ ಬಂದದೆ ಅಂತ ಇವತ್ತು ಊರ ದೋಣಿ ಒಂದೂ ಬಿಡ್ದೆ ಹೊರಟದೆ. ನಾನೇ ನೋಡ್ದೆ. ಈ ಗಾಳಿಲಿ ಇಷ್ಟೊತ್ತಿಗೆ ಕೇಣಿಗೆ ಬರೂಕೆ ಆಗೂದಿಲ್ಲ. ಇಲ್ಲಿ ಬಂದರಲ್ಲೂ ನಮ್ಮೂರ ದೋಣಿ ಒಂದೂ ಇಲ್ಲ” ಎಂದಳು.

ನಾನು ಡೇಟಾಬೇಸಿನ ಕೋಣೆಯನ್ನು ಬೇರೆ ಬಾಗಿಲಿನಿಂದ, ನನ್ನ ಕೀಲಿಯಿಂದ, ತೆರೆದು ನೋಡಿದೆ. ಪ್ರತಿ ಸಲ ಗುಂಡಿ ಒತ್ತಿದ ಹೊತ್ತು ಅಲ್ಲಿ ದಾಖಲಾಗುತ್ತಿತ್ತು. ಕೊನೆಯ ಗುಂಡಿ ಒತ್ತಿದ್ದು ಮೇ ತಿಂಗಳಲ್ಲಿ. ದಾಮೋದರಣ್ಣ ಈ ವಾರವೆಲ್ಲ ನಸುಕಿನಲ್ಲಿ ನಿಷ್ಠೆಯಿಂದ ಒತ್ತಿದ್ದೊಂದೂ ಒಳಗೆ ತಲುಪಿಯೇ ಇರಲಿಲ್ಲ. ‘ದುರ್ಗಾಪ್ರಸಾದ’ದ ಮುಂದೆ ಇದ್ದದ್ದು ಅದೇ ಹಳೆಯ ‘ಬರಲಿದೆ’. ಹಾಗಾದರೆ ಜಗಲಿಯ ಪರದೆಯಲ್ಲಿ ‘ಬಂದಿದೆ’ ಎನ್ನುತ್ತಿದ್ದವರು ಯಾರು?

ಯಾರೂ ಅಲ್ಲ. ನಮ್ಮ ಯಂತ್ರದಲ್ಲಿದ್ದ ಪುಟದ ಪ್ರತಿಯನ್ನು ತೆರೆದು ಓದಿದಾಗ ತಿಳಿಯಿತು. ಡೇಟಾಬೇಸು ‘ಬರಲಿದೆ’ ಎಂದರೆ ‘ಬರಲಿದೆ’ ಎಂದು ತೋರಿಸು, ಇಲ್ಲದಿದ್ದರೆ ‘ಬಂದಿದೆ’. ಇಷ್ಟೇ. ಒಳಗಿನ ಕೋಣೆ ಉತ್ತರ ಕೊಡದೆ ಸುಮ್ಮನಿದ್ದರೂ ‘ಬಂದಿದೆ’. ಹೆಸರಿನ ಮುಂದೆ ಖಾಲಿ ಬಿಡಬಾರದು, ಅಪಶಕುನದ ಮಾತು ಹಾಕಬಾರದು ಎಂದು ಊರು ಹೇಳಿತ್ತಲ್ಲ, ಮಾಸ್ತರರು ಹಾಗೇ ಬರೆದಿದ್ದರು. ಇಂಗ್ಲಿಷಿನಲ್ಲಿ ಏನಾದರೂ ದೋಷ ಮೂಡಿದರೆ ಹೆಂಗಸರು ಹೆದರುತ್ತಾರೆಂದು, ಸಂಪರ್ಕ ಕೇಳುವ ಸಾಲಿನ ಮುಂದೆ ಒಂದು ಚಿಹ್ನೆ ಹಾಕಿ ಆ ದೋಷದ ಬಾಯಿಯನ್ನೂ ಮುಚ್ಚಿದ್ದರು. ಬಾಗಿಲಲ್ಲಿ ಕೂತವನಿಗೆ ಒಳಕೋಣೆಯ ಬಾಗಿಲೇ ತೆರೆದಿರಲಿಲ್ಲ. ಆದರೂ ಅವನು ಬಂದವರಿಗೆಲ್ಲ ಎಲ್ಲ ಬಂದಿದೆ, ಎಲ್ಲ ಬಂದಿದೆ ಎಂದು ನಗುನಗುತ್ತ ಹೇಳುತ್ತಿದ್ದ. ನಸುಕಿನಲ್ಲಿ ಗುಂಡಿ ಒತ್ತಿದ ಕೂಡಲೇ ದಾಮೋದರಣ್ಣ ಇಂಟರ್ನೆಟ್ಟು ಆರಿಸಿಬಿಡುತ್ತಿದ್ದುದರಿಂದಲೂ, ಹವೆ ಒಳ್ಳೆಯದಿದ್ದು ದೋಣಿಗಳು ನಿಜವಾಗಿಯೂ ಬರುತ್ತಿದ್ದ ಕಾರಣ ಈ ವಾರ ಯಾರಿಗೂ ಗೊತ್ತಾಗಿರಲಿಲ್ಲ.

ಇದನ್ನು ನಾಗವೇಣಿಗೆ ಹೇಗೆ ಹೇಳಬೇಕೆಂದು ನಾನು ಯೋಚಿಸುತ್ತಿರುವಾಗ ಅವಳೇ ಹೇಳಿದಳು. “ಅಕ್ಕೋರೆ, ಇದನ್ನ ನೋಡಿ ಹೆಂಗಸ್ರು ಮನೆಗೆ ಹೋಗ್ಬಿಟ್ಟಿರ್ತಾರೆ.”

“ಹೋದರೇನು?”

“ಸೂಡಿ ಯಾರು ಹಿಡೀತ್ರು?”

ಆಗ ನನಗೆ ತಿಳಿದದ್ದು. ಗಾಳಿ ಎದ್ದ ಸಂಜೆ ಕೇಣಿಯ ಹೆಂಗಸರು ಅಳಿವೆಯ ಎರಡೂ ದಡದಲ್ಲಿ ಸೂಡಿ, ಅಂದರೆ ಒಣ ತೆಂಗಿನ ಗರಿ ಬಿಗಿದು ಸೀಮೆಎಣ್ಣೆ ಅದ್ದಿದ ಪಂಜು, ಹಿಡಿದು ನಿಲ್ಲುತ್ತಾರೆ. ಎರಡು ಸಾಲು ಬೆಂಕಿಯ ನಡುವೆ ನುಗ್ಗಿದರೆ ದೋಣಿ ಒಳಗೆ. ತಪ್ಪಿದರೆ ಎರಡೂ ಕಡೆ ಬಂಡೆ. ಪರದೆಯಲ್ಲಿ ಕೊನೆಯ ದೋಣಿಗೂ ‘ಬಂದಿದೆ’ ಬಂದ ಮೇಲೆ ಸೂಡಿ ನಂದಿಸಿ ಮನೆಗೆ ಹೋಗುವುದು ರೂಢಿಯಾಗಿಬಿಟ್ಟಿತ್ತು. ಇವತ್ತು ಹಚ್ಚುವ ಮೊದಲೇ ಎಲ್ಲವೂ ಬಂದಿವೆ. ಗಾಳಿ ನೋಡಿ ಕಾರವಾರಕ್ಕೆ ಓಡಿದ್ದಾರೆ, ಅಕ್ಕೋರು ಒತ್ತಿದ್ದಾರೆ ಎಂದು ದಾಮೋದರಣ್ಣ ನೆಮ್ಮದಿಯಿಂದ ಚಹಾ ಕುಡಿಯುತ್ತಿರಬೇಕು. ಅಯ್ಯೋ ಕರ್ಮವೇ!

ಮಾಳಿಗೆಯಲ್ಲಿ ಮಾತಿಗೆ ಬೇರೆಯೇ ಒಂದು ತಂತಿ ಇತ್ತು, ಅದರಿಂದ ಸಂಘಕ್ಕೆ ಫೋನು ಮಾಡಿದೆ. ಎಂಗೇಜು. ಮತ್ತೆ ಮಾಡಿದೆ, ಎಂಗೇಜು. ಆಗಲೇಬೇಕಲ್ಲ. ಗಾಳಿಯ ದಿನ ಅವರು ಅದೇ ತಂತಿಯಲ್ಲಿ ಇಂಟರ್ನೆಟ್ಟು ಹಚ್ಚಿಟ್ಟು ಈ ಪುಟವನ್ನೇ ನೋಡುತ್ತ ಕೂರುತ್ತಿದ್ದರು. ದಾಮೋದರಣ್ಣನ ಮೊಬೈಲಿಗೆ ತಾರಸಿಯ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ಲು. ಅಂಕೋಲೆಯ ಪರಿಚಯದ ಒಂದು ಅಂಗಡಿಗೆ ಮಾಡಿದರೆ, “ಹೋಗಿ ಹೇಳ್ತೆ ಅಕ್ಕೋರೆ, ಆದ್ರೆ ದಾರಿಲಿ ಮರ ಬಿದ್ದದೆ ಅಂತಾರೆ” ಎಂಬ ಉತ್ತರ ಬಂತು. ಪುಟವನ್ನು ತಿದ್ದಿ ಒಂದು ಸಾಲು ಬರೆಯೋಣವೆಂದರೆ ಅದರ ಪಾಸ್‌ವ‌ರ್ಡು ಮಾಸ್ತರರ ತಲೆಯಲ್ಲಿ. ಕೇಣಿಯವರ ಕಣ್ಣೆದುರಿಗೆ ನಾನು ಕಳಿಸಬಹುದಾದದ್ದು ಆ ಪುಟಕ್ಕೆ ಗೊತ್ತಿದ್ದ ಎರಡೇ ಮಾತು. ಅದಕ್ಕೂ ಮೊದಲು ಪುಟ ಮತ್ತು ಡೇಟಾಬೇಸಿನ ನಡುವೆ ಕಡಿದ ಸಂಪರ್ಕ ಕೂಡಬೇಕು.

ನಮ್ಮ ಪ್ರತಿಯಲ್ಲಿ ಬಾಯಿ ಮುಚ್ಚಿಸುವ ಆ ಚಿಹ್ನೆಯನ್ನು ಅಳಿಸಿ, ಪುಟವನ್ನು ನಮ್ಮ ಯಂತ್ರದಲ್ಲೇ ನಡೆಸಿ ನೋಡಿದೆ. ಬಂತು ನೋಡಿ ದೋಷ, ಉದ್ದಕ್ಕೆ, ಇಂಗ್ಲಿಷಿನಲ್ಲಿ. ಅಷ್ಟು ದಿನ ನುಂಗಿಕೊಂಡಿದ್ದನ್ನೆಲ್ಲ ಒಮ್ಮೆಗೇ ಕಾರಿದ ಹಾಗೆ. ಅದರ ತಾತ್ಪರ್ಯ ಇಷ್ಟು: ಬಾಡಿಗೆ ಸರ್ವರಿನವರು ಮಳೆಗಾಲದಲ್ಲಿ ಡೇಟಾಬೇಸನ್ನು ಹೊಸದಾಗಿಸಿದ್ದಾರೆ, ಹೊಸತು ಗುರುತು ಕೇಳುವ ರೀತಿಯೇ ಬೇರೆ, ನಮ್ಮ ಹಳೆಯ ಪಿಎಚ್‌ಪಿಗೆ ಆ ರೀತಿ ಗೊತ್ತಿಲ್ಲ. ಪಾಸ್‌ವರ್ಡು ಸರಿಯೇ ಇದೆ, ಹೇಳುವ ಕ್ರಮ ಹಳತಾಗಿದೆ. ಹೀಗಾದವರು ಆಗ ಊರೂರಲ್ಲಿ ಇದ್ದರು. ಮದ್ದೂ ಗೊತ್ತಿದ್ದದ್ದೇ. ಒಳಗಿನಿಂದ ಒಂದು ಸಾಲಿನ ಆಜ್ಞೆ ಕೊಟ್ಟು, ಅದೇ ಪಾಸ್‌ವರ್ಡನ್ನು ಹಳೆಯ ಕ್ರಮದಲ್ಲಿ ಮತ್ತೆ ಬರೆದಿಡಬೇಕು. ಆಗ ಬಾಗಿಲು ತೆರೆಯುತ್ತದೆ.

ತೆರೆಯುವ ಮೊದಲು ಒಳಗಿನ ಲೆಕ್ಕ ಸರಿಮಾಡಬೇಕಿತ್ತು. ಇಲ್ಲದಿದ್ದರೆ ಮೇ ತಿಂಗಳ ‘ಬಂದಿದೆ’ಗಳೇ ಮತ್ತೆ ಕಾಣುತ್ತವೆ. ಎಲ್ಲ ದೋಣಿಗಳಿಗೂ ‘ಬರಲಿದೆ’ ಎಂಬ ಆಜ್ಞೆಯನ್ನು ಬರೆದು ಕೈ ತಡೆದೆ. ನಾಗವೇಣಿ ನನ್ನ ಹೆಗಲ ಹಿಂದೆ ನಿಂತು ನೋಡುತ್ತಿದ್ದಳು. ಸೀರೆಯ ನೀರು ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು.

“ಇದು ಸರಿಯಾದ್ರೆ ನಮ್ಮದು ಹೋಗ್ತದೆ, ಅಲ್ವಾ?” ಎಂದಳು.

“ಹೋಗ್ತದೆ” ಎಂದೆ. “ಅದನ್ನ ಯಾರೂ ಬರೆದದ್ದಲ್ಲ ನಾಗವೇಣಕ್ಕ. ಯಾರೂ ಕಂಡದ್ದೂ ಅಲ್ಲ. ಯಂತ್ರ ಸುಮ್ಮನೆ ಹೇಳಿದ್ದು.”

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಹೊರಗೆ ಗಾಳಿ ಕಿಟಕಿಯ ತಗಡನ್ನು ಬಡಿಯುತ್ತಿತ್ತು. ಅವಳು ತಗ್ಗಿದ ದನಿಯಲ್ಲಿ ಕೇಳಿದಳು. “ಬೇರೆಯವ್ರದ್ದು ಸರಿ ಮಾಡಿ, ನಮ್ಮದೊಂದು ಹಂಗೇ ಬಿಡೂಕೆ ಬತ್ತದಾ?”

ಬರುತ್ತಿತ್ತು. ಒಂದು ಶಬ್ದ ಹೆಚ್ಚಿಗೆ ಬರೆದರೆ ಆಗುತ್ತಿತ್ತು. ಆಗುವುದಿಲ್ಲ ಎಂದು ಸುಳ್ಳು ಹೇಳಿಬಿಡೋಣ ಅನ್ನಿಸಿತು. ಬಾಯಿ ಮಾತ್ರ, “ಬರ್ತದೆ” ಎಂದಿತು. “ಇಡಲಾ?”

ಅವಳು ಮುಂದೆ ಬಂದು ಪರದೆಯ ಮೇಲೆ ಆ ಸಾಲಿಗೆ ಬೆರಳಿಟ್ಟಳು. ಗಾಜಿನ ಮೇಲೆ ಒದ್ದೆಯ ಗುರುತು ಬಿತ್ತು. ಸಮುದ್ರದಲ್ಲಿ ಅಷ್ಟು ಜನ, ಇಲ್ಲಿ ಇವಳೊಬ್ಬಳು. ಇವಳನ್ನು ಅವಸರ ಮಾಡುವ ಧೈರ್ಯ ನನಗಿರಲಿಲ್ಲ.

“ಬೇಡ” ಎಂದಳು. “ಬಂದಿದೆ ಅಂತ ಇದ್ರೆ ಅವ್ರಿಗೆ ಯಾರೂ ಸೂಡಿ ಹಿಡಿಯೂದಿಲ್ಲ. ಎಲ್ಲರ ಸಂಗ್ಡ ಅವ್ರೂ ಬರ್ಲಿ. ಒತ್ತಿ ಅಕ್ಕೋರೆ.”

ಒತ್ತಿದೆ. ಮೊದಲು ದೋಣಿಗಳ ಸಾಲು, ಆಮೇಲೆ ಪಾಸ್‌ವರ್ಡಿನ ಸಾಲು. ಕರೆಂಟು ಹೋಯಿತು. ಯುಪಿಎಸ್ ಕೂಗತೊಡಗಿತು. ಸಾಯಬೇಡ ಮಾರಾಯ ಎಂದು ಅದಕ್ಕೆ ಕೈಮುಗಿದೆ. ನಮ್ಮ ಪರದೆಯಲ್ಲಿ ಪುಟ ಮತ್ತೆ ಇಳಿಯಿತು, ಮೇಲಿನಿಂದ ಕೆಳಗೆ, ಒಂದೊಂದೇ. ‘ಬರಲಿದೆ, ಬರಲಿದೆ, ಬರಲಿದೆ.’ ಇಡೀ ಊರು ಒಂದೇ ಏಟಿಗೆ ಸಮುದ್ರದ ಮೇಲಿತ್ತು. ‘ದುರ್ಗಾಪ್ರಸಾದ’ವೂ ಅವುಗಳ ನಡುವೆ. ಬೇರೆ ಅಲ್ಲ, ಒಂಟಿಯಲ್ಲ. ನಾಗವೇಣಿ ಅದನ್ನೇ ನೋಡುತ್ತಿದ್ದಳು.

ಆಮೇಲಿನದು ಬರೀ ಕಾಯುವುದು. ಕೇಣಿಯಲ್ಲಿ ಯಾರಾದರೂ ಪರದೆಯ ಎದುರು ಇದ್ದಾರೋ ಇಲ್ಲವೋ. ಇದ್ದರೂ ಅರ್ಥವಾಗುತ್ತದೋ, ಹಾಳು ಯಂತ್ರ ಕೆಟ್ಟಿತು ಎಂದು ಆರಿಸಿ ಹೋಗುತ್ತಾರೋ. ನಾನು ಉಗುರು ಕಚ್ಚಿದೆ. ಬೈದೆ, ಮಾಸ್ತರರನ್ನು, ಸರ್ವರಿನವರನ್ನು, ದಾಮೋದರಣ್ಣನ ಚಹಾವನ್ನು. ಕರೆಂಟು ಬಂತು, ಹೋಯಿತು, ಮತ್ತೆ ಬಂತು. ಕಿಟಕಿಯಾಚೆ ಬೆಳಕು ಇಳಿಯುತ್ತಿರುವಾಗ ಒಂದು ಸಾಲು ಬದಲಾಯಿತು. ‘ಬಂದಿದೆ.’

ಈ ಸಲ ಅದನ್ನು ಯಾರೋ ಬರೆದಿದ್ದರು. ನಾನು ಒಳಗಿನ ಕೋಣೆಯನ್ನು ತೆರೆದು ಹೊತ್ತು ನೋಡಿದೆ. ಈಗಿನದೇ. ನನಗೆ ಅಳು ಬಂತು. ಆಮೇಲೆ ಇನ್ನೊಂದು, ಸ್ವಲ್ಪ ತಡೆದು ಜೋಡಿಯಾಗಿ ಎರಡು. ಪ್ರತಿ ಸಲ ನಾಗವೇಣಿ ಆ ದೋಣಿಯವರ ಹೆಂಡತಿಯ ಹೆಸರನ್ನು ಮೆಲ್ಲಗೆ ಹೇಳುತ್ತಿದ್ದಳು. “ಗುಲಾಬಿ. ಮಾದೇವಿ. ಸಣ್ಣಮ್ಮ.” ಹಾಗೆ ಹೇಳುತ್ತ ಹೇಳುತ್ತ ಸಾಲುಗಳು ಮುಗಿದವು. ಕೊನೆಗೆ ಒಂದು ‘ಬರಲಿದೆ’ ಉಳಿಯಿತು.

ಫೋನು ಹೊಡೆದುಕೊಂಡಿತು. ದಾಮೋದರಣ್ಣ ಇಂಟರ್ನೆಟ್ಟು ಬಿಟ್ಟು ತಂತಿಯನ್ನು ಮಾತಿಗೆ ಕೊಟ್ಟಿದ್ದರು.

“ಅಕ್ಕೋರೆ! ಬಂದ್ವು, ಎಲ್ಲಾ ಬಂದ್ವು! ಎಲ್ಲಾ ಬಂದಿದೆ ಅಂತಿದ್ದದ್ದು ಒಂದೇ ಸಲ ಬರಲಿದೆ ಅಂತು. ನಾ ಯಂತ್ರ ಹಾಳಾಯ್ತು ಅಂದೆ. ನಮ್ಮ ಅವ್ವಿ ಕೇಳ್ಬೇಕಲ್ಲ! ಬಂದವ್ರು ವಾಪಸ್ ಹೋಗ್ತಾರನಾ, ಮೊದ್ಲೇ ಬರ್ಲಿಲ್ಲ ಇವ್ರು, ಅಂದು ಸೂಡಿ ಹಿಡ್ಕೊಂಡು ಓಡ್ತು. ಹಿಂದಿಂದ ಎಲ್ಲಾ ಹೆಂಗಸ್ರು. ಕಡೆ ದೋಣಿ ಬಂಡೆಗೆ ಇಷ್ಟೇ ಇಷ್ಟು ತಪ್ತು...”

ನಾಗವೇಣಿ ಕೈ ಚಾಚಿದಳು. ನಾನು ರಿಸೀವರನ್ನು ಕೊಟ್ಟೆ.

“ದಾಮೋದರಣ್ಣ, ನಾ ನಾಗವೇಣಿ. ಸೂಡಿ ನಂದ್ಸಬೇಡಿ ಅಂತ ಹೇಳಿ. ಇನ್ನೂ ಒಂದು ಅದೆ.”

ಆ ಕಡೆಯಿಂದ “ಆಯ್ತು ತಂಗಿ, ಹೇಳ್ತೆ” ಎಂದದ್ದು ನನಗೂ ಕೇಳಿತು.

ಅವಳನ್ನು ಒಬ್ಬಳೇ ಕಳಿಸುವ ಮನಸ್ಸಾಗಲಿಲ್ಲ. ಸೆಂಟರಿಗೆ ಬೀಗ ಹಾಕಿ ಬಸ್ಸು ಹತ್ತಿದೆವು. ಅಮದಳ್ಳಿ ದಾಟುವಾಗ ಪೂರ್ತಿ ಕತ್ತಲಾಯಿತು. ಗಾಜಿನ ಮೇಲೆ ಮಳೆ ಚಡಿ ಹೊಡೆಯುತ್ತಿತ್ತು. ಅವಳು ಒಂದೇ ಒಂದು ಮಾತು ಕೇಳಿದಳು, “ನಿಮ್ಮ ಮನೇಲಿ ಕಾಯ್ತ್ರೇನೋ ಅಕ್ಕೋರೆ?” ಕಾಯುತ್ತಾರೆ ಎಂದೆ. ಅಂಕೋಲೆಯಲ್ಲಿ ಇಳಿದು ರಿಕ್ಷಾ ಹಿಡಿದೆವು. ಬಿದ್ದ ಮರವನ್ನು ಯಾರೋ ಕಡಿದು ಪಕ್ಕಕ್ಕೆಳೆದಿದ್ದರು.

ಕೇಣಿಯ ದಂಡೆಗೆ ಬಂದಾಗ ದೋಣಿಗಳೆಲ್ಲ ಮೇಲೆ ಬಂದಿದ್ದವು. ಗಂಡಸರು ಒದ್ದೆ ಮೈಯಲ್ಲೇ ದೋಣಿಗಳಿಗೆ ಒರಗಿ ನಿಂತಿದ್ದರು, ಒಬ್ಬನೂ ಮನೆಗೆ ಹೋಗಿರಲಿಲ್ಲ. ಅಳಿವೆಯ ಈಚೆ ದಡದಲ್ಲೊಂದು ಸಾಲು, ಆಚೆ ದಡದಲ್ಲೊಂದು ಸಾಲು ಸೂಡಿಗಳು ಉರಿಯುತ್ತಿದ್ದವು. ಆರಿದ್ದನ್ನು ಪಕ್ಕದವಳ ಬೆಂಕಿಗೆ ಹಿಡಿದು ಮತ್ತೆ ಹಚ್ಚುತ್ತಿದ್ದರು. ಗಂಡ ಬಂದವಳೂ ಮಗ ಬಂದವಳೂ, ಎಲ್ಲರೂ ಸಮುದ್ರದ ಕಡೆಗೇ ಮುಖ ಮಾಡಿ ನಿಂತಿದ್ದರು. ಎರಡು ಸಾಲಿನ ನಡುವೆ ಕಪ್ಪು ನೀರು ಬಂದು ಹೋಗುತ್ತಿತ್ತು. ಅದರ ಮೇಲೆ ಏನೂ ಇರಲಿಲ್ಲ. ಆದರೂ ಯಾವುದೋ ಕ್ಷಣದಲ್ಲಿ ಮೋಟಾರಿನ ಸದ್ದು ಕೇಳಿದ ಹಾಗಾಗಿ ನಾನು ಬೆಚ್ಚಿದೆ. ನಾನೊಬ್ಬಳೇ ಅಲ್ಲ, ಆಚೆ ದಡದ ಸೂಡಿಗಳೂ ಒಮ್ಮೆ ಮೇಲೆದ್ದವು.

ನಾಗವೇಣಿ ಒಬ್ಬ ಮುದುಕಿಯ ಕೈಯಿಂದ ಸೂಡಿ ತೆಗೆದುಕೊಂಡಳು. ದಾಮೋದರಣ್ಣನ ತಾಯಿ, ಆ ಅವ್ವಿಯೇ ಇರಬೇಕು. ಸೂಡಿ ಹಿಡಿದು ನೀರಿಗೆ ಮೊಣಕಾಲವರೆಗೆ ಇಳಿದು, ಅದನ್ನು ತಲೆಯ ಮೇಲೆತ್ತಿ ನಿಂತಳು. ಮಳೆ ಸುರಿಯುತ್ತಿತ್ತು. ಎಷ್ಟು ಹೊತ್ತು ನಿಂತಳೋ ನಾನು ಹೇಳಲಾರೆ. ಯಾರೂ ಅವಳನ್ನು ಕರೆಯಲಿಲ್ಲ, ಸಾಕು ಎನ್ನಲಿಲ್ಲ.

ಆಮೇಲೆ ಅವಳೇ ಸೂಡಿಯನ್ನು ಇಳಿಸಿ ನೀರಿಗೆ ಅದ್ದಿದಳು. ಚುಂಯ್ ಎಂದಿತು. ತಿರುಗಿ ದಂಡೆಯ ಕಡೆ ನಡೆದು ಬಂದು, ಉಳಿದ ಹೆಂಗಸರಿಗೆ ಹೇಳಿದಳು:

“ಅವ್ರು ಬರೂದಿಲ್ಲ. ನೀವು ಮನೆಗೆ ಹೋಗಿ, ಬಂದವ್ರಿಗೆ ಊಟ ಹಾಕಿ.”